ನರರೂಪದ ಬೇರು

ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳ ಪಾಳುಹೊಲಗಳಲ್ಲಿ ಮ್ಯಾಂಡ್ರೇಕ್ ಎಂಬ ಗಿಡವೊಂದು ಬೆಳೆಯುತ್ತದೆ. ಅದಕ್ಕೆ ಎದ್ದುನಿಂತ ಕಾಂಡವಿಲ್ಲ. ಸುಕ್ಕುಗಟ್ಟಿದ ಅಗಲವಾದ ಎಲೆಗಳು ನೆಲಕ್ಕಂಟಿ ಚಕ್ರಾಕಾರವಾಗಿ ಹರಡಿರುತ್ತವೆ. ನಡುವೆ ನಸುನೇರಳೆಯ ಹೂಗಳು, ಅನಂತರ ಸುವಾಸನೆಯ ಹಳದಿ ಹಣ್ಣುಗಳು. ಬದನೆ, ಉಮ್ಮತ್ತಿ, ಅಶ್ವಗಂಧಿಗಳ ಕುಲಕ್ಕೇ ಸೇರಿದ ಈ ಗಿಡದ ದಪ್ಪನೆಯ ಬೇರು ಅನೇಕ ವೇಳೆ ಕೆಳಗೆ ಎರಡಾಗಿ ಕವಲೊಡೆದು, ತಲೆಯಿಲ್ಲದ ಮನುಷ್ಯದೇಹವೊಂದು ಮಣ್ಣಿನಲ್ಲಿ ಹುದುಗಿರುವುದೋ ಎಂಬ ಭ್ರಮೆಯನ್ನುಂಟುಮಾಡುತ್ತದೆ.

ಈ ಒಂದು ಸಾದೃಶ್ಯದಿಂದಲೇ ಹೆಸರುಗಳೂ ಕಥೆಗಳೂ ಹುಟ್ಟಿದುವು. ಪಾರಸಿಗರು ಅದನ್ನು ನರಸಸ್ಯವೆಂದರು. ಅರಬರು ಅದರ ಹಣ್ಣನ್ನು ಜಿನ್ನುಗಳ ಸೇಬೆಂದು ಕರೆದರು. ಗ್ರೀಕರ ಮ್ಯಾಂಡ್ರಗೋರ ಎಂಬ ಶಬ್ದ ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಜನ, ಅದರ ಮೂಲದಲ್ಲಿ ಇಲ್ಲದಿದ್ದರೂ, ಅದರ ಆದಿಯಲ್ಲಿ ತಮ್ಮ ಭಾಷೆಯ ಮನುಷ್ಯವಾಚಕವನ್ನು ಕೇಳಿಕೊಂಡರು. ಹೀಬ್ರೂ ಗ್ರಂಥಗಳಲ್ಲಿ ಬರುವ ‘ದೂದಾಯಿಮ್’ ಎಂಬ ಹೆಸರು ಮಾತ್ರ ಬೇರಿನ ಕಡೆಗೆ ನೋಡದೆ, ಪ್ರಣಯವೆಂಬರ್ಥದ ಶಬ್ದದೊಡನೆ ನಂಟು ಬೆಳೆಸಿತು.

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಯೆಹೂದಿ ಇತಿಹಾಸಕಾರನಾದ ಜೋಸಿಫಸನು ಬಾರಸ್ ಎಂಬ ಬೇರೊಂದರ ವೃತ್ತಾಂತವನ್ನು ಬರೆದಿದ್ದಾನೆ. ಮುಟ್ಟಿದವನಿಗೆ ಮರಣ ತಪ್ಪದಾದುದರಿಂದ, ಅದರ ಸುತ್ತಣ ಮಣ್ಣನ್ನೆಲ್ಲ ಅಗೆದು ತೆಗೆದು, ನಾಯಿಯೊಂದನ್ನು ಅದಕ್ಕೆ ಕಟ್ಟಿ ಮನುಷ್ಯನು ಹೊರಟುಹೋಗಬೇಕಂತೆ. ಕಟ್ಟಿದವನನ್ನೇ ನಂಬಿ ಹಿಂಬಾಲಿಸಲೆಳಸಿದ ಆ ನಾಯಿ ಎಳೆದೊಡನೆಯೇ ಬೇರು ಕಿತ್ತುಬರುವುದು, ನಾಯಿ ಅವನಿಗೆ ಬದಲಾಗಿ ಸಾಯುವುದು. ಮುಂದೆ ಈ ಕಥೆ ಮ್ಯಾಂಡ್ರೇಕಿಗೇ ಅಂಟಿಕೊಂಡಿತು. ಸುಮಾರು 512ರಲ್ಲಿ ಕಾನ್ಸ್ಟಾಂಟಿನೋಪಲ್ಲಿನಲ್ಲಿ ಸಿದ್ಧವಾದ, ಗ್ರೀಕ್ ವೈದ್ಯ ಡಯಾಸ್ಕೊರಿಡೀಸನ ಗ್ರಂಥದ ಹಸ್ತಪ್ರತಿಯ ಚಿತ್ರವೊಂದರಲ್ಲಿ ಆ ನಾಯಿಯೂ ಇದೆ. ಕಿತ್ತಾಗ ಬೇರು ಕಿರಿಚುವುದೆಂಬುದು ಮಧ್ಯಯುಗದ ಸೇರ್ಪಡೆ. ತನ್ನ ಕಾಮನೆಗಾಗಿ ಭೂಮಿಯನ್ನು ಕೀಳುವವನು ಬೆಲೆ ತೆರಲೇಬೇಕೆಂಬ ಭಯ ಈ ಕಥೆಯಲ್ಲಿರುವುದು ನಿಜ. ಆದರೆ ಆ ಬೆಲೆಯನ್ನು ನಂಬಿದ ಮೂಕಪ್ರಾಣಿಯ ಮೇಲೆ ಹೊರಿಸಿ ತಾನು ಪಾರಾಗುವ ಉಪಾಯವನ್ನು ವಿಧಿಯೆಂಬಂತೆ ಬೋಧಿಸಿದ ಈ ಜನಪದ ಕಲ್ಪನೆಯನ್ನು ನಾನು ಎಷ್ಟು ಪ್ರಯತ್ನಿಸಿದರೂ ಮೆಚ್ಚಲಾರೆ. 1431ರಲ್ಲಿ ಜೋನ್ ಆಫ್ ಆರ್ಕಳ ವಿಚಾರಣೆಯಲ್ಲಿ ಆಕೆಯ ಬಳಿ ಇಂತಹ ಬೇರಿತ್ತೆಂಬ ಆರೋಪವೂ ಬಂದಿತು. ಆಕೆ ಅದನ್ನು ನಿರಾಕರಿಸಿದಳು. ಬೇರೆ ಬಳ್ಳಿಯ ಗೆಡ್ಡೆಯನ್ನು ಮನುಷ್ಯಾಕೃತಿಯಲ್ಲಿ ಕೆತ್ತಿ ಮಾರುವ ಮೋಸಗಾರರೂ ಹುಟ್ಟಿಕೊಂಡರು.

ನಮ್ಮ ನೈಯಾಯಿಕರು ಸಾದೃಶ್ಯದಿಂದ ತಿಳಿಯುವ ಉಪಮಾನವನ್ನು ಜ್ಞಾನಸಾಧನಗಳಾದ ಪ್ರಮಾಣಗಳಲ್ಲಿ ಒಂದೆಂದು ಒಪ್ಪಿದ್ದಾರೆ. ಗೋವಿನಂತಿರುವುದು ಗವಯವೆಂದು ಕೇಳಿದವನು ಕಾಡಿನಲ್ಲಿ ಆ ಮೃಗವನ್ನು ಕಂಡಾಗ, ಆ ಹೆಸರು ಇದಕ್ಕೇ ಸಲ್ಲುವುದೆಂದು ತಿಳಿಯುತ್ತಾನೆ. ಸಾದೃಶ್ಯದಿಂದ ದೊರೆಯುವುದು ಹೆಸರಿಗೂ ವಸ್ತುವಿಗೂ ಇರುವ ಸಂಬಂಧದ ಜ್ಞಾನವೇ ಹೊರತು, ಗವಯವು ಹಾಲು ಕರೆಯುತ್ತದೆಂಬ ಜ್ಞಾನವಲ್ಲ. ಬೇರು ಮನುಷ್ಯನಂತಿದೆಯಾದುದರಿಂದ ಮನುಷ್ಯಸಂತಾನವನ್ನು ಕೊಡುವುದೆಂದು ಹಾರಿದವರು ಉಪಮಾನದಿಂದ ಅದು ಕೊಡಲಾರದುದನ್ನು ಬೇಡಿದರು. ಗಿಡಕ್ಕೆ ಶಕ್ತಿಯಿಲ್ಲವೆಂದಲ್ಲ: ಅದರಲ್ಲಿ ಹಯೋಸಯಮೀನ್, ಸ್ಕೋಪೋಲಮೀನ್ ಮುಂತಾದ ಉಗ್ರದ್ರವ್ಯಗಳಿದ್ದು, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಬೇರಿನ ಮದ್ಯವನ್ನು ಕುಡಿಸುವುದನ್ನು ಡಯಾಸ್ಕೊರಿಡೀಸನೇ ಬರೆದಿದ್ದಾನೆ. ಆದರೆ ಬೇರು ಕವಲೊಡೆಯದೆ ನೇರವಾಗಿದ್ದರೂ ಆ ಮದ್ಯದಿಂದ ನಿದ್ರೆ ಬರುತ್ತಿತ್ತು.

ಈ ವಿವೇಕವನ್ನು ನಾನು ಅತ್ಯಂತ ಗಂಭೀರವಾಗಿ ಕಂಡಿರುವುದು ಬೈಬಲಿನ ಆದಿಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ. ಮಕ್ಕಳಿಲ್ಲದ ರಾಹೇಲಳು ತನಗೆ ಮಕ್ಕಳನ್ನು ಕೊಡದಿದ್ದರೆ ಸಾಯುವೆನೆಂದು ಪತಿಯನ್ನು ಕಾಡಿದಾಗ, ಯಾಕೋಬನು ಕೋಪಗೊಂಡು, ತಾನೇನು ದೇವರ ಸ್ಥಾನದಲ್ಲಿರುವೆನೇ ಎಂದು ಕೇಳುತ್ತಾನೆ. ಬಳಿಕ ಗೋದಿಯ ಸುಗ್ಗಿಯ ಕಾಲದಲ್ಲಿ ಆಕೆಯ ಅಕ್ಕನೂ ಸವತಿಯೂ ಆದ ಲೇಯಳ ಮಗ ರೂಬೇನನು ಹೊಲದಿಂದ ದೂದಾಯಿಮ್ ಹಣ್ಣುಗಳನ್ನು ತಾಯಿಗೆ ತಂದುಕೊಡುತ್ತಾನೆ, ರಾಹೇಲಳು ಬೇಡುತ್ತಾಳೆ, ಗಂಡನನ್ನು ಕಿತ್ತುಕೊಂಡುದು ಸಾಲದೆ ಮಗನು ತಂದ ಹಣ್ಣೂ ಬೇಕೇ ಎಂದು ಲೇಯಳು ಮೂದಲಿಸುತ್ತಾಳೆ, ಕೊನೆಗೆ ಒಂದು ರಾತ್ರಿಯ ಪತಿಸಂಗಕ್ಕೆ ಹಣ್ಣು ವಿನಿಮಯವಾಗುತ್ತದೆ. ಸವತಿಯರ ಮನೆಯ ಕಹಿಯನ್ನು ಇಷ್ಟು ಚಿಕ್ಕ ಮಾತುಗಳಲ್ಲಿ ಹಿಡಿದ ಬರವಣಿಗೆ ಅಪೂರ್ವ. ಇನ್ನು ಫಲವೋ? ಹಣ್ಣನ್ನು ಕೊಟ್ಟುಬಿಟ್ಟ ಲೇಯಳೇ ಗರ್ಭವತಿಯಾಗಿ ಇಸ್ಸಾಕಾರನನ್ನೂ, ಅನಂತರ ಜೆಬುಲೂನನನ್ನೂ, ದೀನಳನ್ನೂ ಹೆರುತ್ತಾಳೆ; ತನಗೆ ದೊರೆತುದು ದೇವರಿತ್ತ ಕೂಲಿಯೆಂದು ಆಕೆ ಹೇಳುತ್ತಾಳೆಯೇ ವಿನಾ ಹಣ್ಣಿನ ಮಾತೆತ್ತುವುದಿಲ್ಲ. ಹಣ್ಣನ್ನು ಪಡೆದ ರಾಹೇಲಳು ಬಂಜೆಯಾಗಿಯೇ ಕಾಯುತ್ತಾಳೆ. ದೇವರು ಆಕೆಯನ್ನು ನೆನೆದು, ಆಕೆಯ ಮೊರೆಯನ್ನು ಕೇಳಿದ ಮೇಲೆ ಯೋಸೇಫನು ಹುಟ್ಟುತ್ತಾನೆ. ಆ ಹಣ್ಣುಗಳನ್ನು ಆಕೆ ತಿಂದಳೋ, ತಲೆದಿಂಬಿನ ಬಳಿ ಇಟ್ಟುಕೊಂಡಳೋ, ಬಿಸುಟಳೋ, ಗ್ರಂಥಕಾರನು ಹೇಳುವುದಿಲ್ಲ. ಅವುಗಳ ಆಸೆಯನ್ನು ಹೀಯಾಳಿಸುವುದೂ ಇಲ್ಲ. ಮಗುವಿಗಾಗಿ ಹಂಬಲಿಸುವ ಹೆಂಗಸು ಸಿಕ್ಕ ಹಣ್ಣಿಗೆ ಕೈಚಾಚುವುದನ್ನು ಆತನು ಅಪರಾಧವೆಂದೆಣಿಸದೆ, ಅನುಗ್ರಹವನ್ನು ಮಾತ್ರ ಆ ಹಣ್ಣಿಗೆ ಗಂಟುಹಾಕದೆ ಬಿಟ್ಟಿದ್ದಾನೆ.