ಪರೀಕ್ಷಿಸದೆ ಆಡಿದ ಮಾತು

ಗೊತ್ತಿಲ್ಲದೆ ಆಡಿದ ತಪ್ಪು ಮಾತನ್ನು ಸುಳ್ಳು ಎನ್ನಬಹುದೇ? ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಪ್ರಶ್ನೆ ನನ್ನ ಜೊತೆಗಿದೆ.

2001ರಲ್ಲಿ ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಆಗ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ. ಮೋಡೆಮ್ ಡಯಲ್ ಮಾಡಿ, ಕಿರ್ರೆಂದು ಕೂಗಿ, ಆ ಕಡೆಯ ಮೋಡೆಮ್ಮಿನ ಜೊತೆ ವೇಗ ಕುದುರಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ 56 ಕೆಬಿಪಿಎಸ್ ಎಂದಿದ್ದರೂ ಅಷ್ಟು ವೇಗ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮೊಳಕಾಲ್ಮುರಿನ ಒಬ್ಬ ರೇಷ್ಮೆ ಸೀರೆ ನೇಕಾರರ ಮನೆಯಿಂದ ಕರೆ ಬಂತು. ಮಗ ವಿದೇಶದಲ್ಲಿದ್ದ. ಸಂಜೆ ಅವನ ಮೇಲ್ ನೋಡಲು ಕೂತರೆ ಸಂಪರ್ಕ ಸಿಕ್ಕ ಐದೇ ನಿಮಿಷಕ್ಕೆ ಕಡಿದುಹೋಗುತ್ತಿತ್ತು. ಹೋಗಿ ನೋಡಿದೆ. ನನ್ನೆದುರಿಗೂ ಎರಡು ಸಲ ಕಡಿಯಿತು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

"ಮೋಡೆಮ್ಮಿಗೆ ಸಿಡಿಲಿನ ಪೆಟ್ಟು ಬಿದ್ದಿದೆ ಯಜಮಾನ್ರೇ, ಹೊಸದು ಹಾಕ್ಬೇಕು."

"ನೀನು ಹೇಳಿದ ಮೇಲೆ ಮುಗೀತು ತಮ್ಮಾ," ಎಂದು ದುಡ್ಡು ಎಣಿಸಿದರು.

ವಾರದಲ್ಲಿ ಮತ್ತೆ ಅದೇ ತೊಂದರೆ. ಈ ಸಲ ಮೊದಲೇ ಮಾಡಬೇಕಿದ್ದುದನ್ನು ಮಾಡಿದೆ: ಮನೆಯೊಳಗಿನ ತಂತಿಯ ಜಾಡು ಹಿಡಿದು ಹೋದೆ. ಒಳಕೋಣೆಯಲ್ಲಿ ಅದೇ ಲೈನಿನ ಇನ್ನೊಂದು ಫೋನಿತ್ತು. ಮೊಮ್ಮಗ ಲೈನಿಗೆ ಬಂದಿದ್ದಾನೆಂದು ಅಜ್ಜಿ ದಿನವೂ ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದರು. ಎತ್ತಿದ ಕೂಡಲೇ ಸಂಪರ್ಕ ಕಡಿಯುತ್ತಿತ್ತು. ಆ ಫೋನಿನ ತಂತಿ ಬಿಚ್ಚಿದೆ, ನಿಂತಿತು. "ಸೆಟ್ಟಿಂಗ್ ಸರಿಮಾಡಿದೀನಿ" ಎಂದು ಹೇಳಿ ಬಂದೆ. ಕೆಟ್ಟಿದೆಯೆಂದು ತಂದಿದ್ದ ಹಳೇ ಮೋಡೆಮ್ ನನ್ನ ಅಂಗಡಿಯಲ್ಲಿ ಎರಡು ವರ್ಷ ದುಡಿಯಿತು.

ಎರಡನೆಯ ಮಾತು ಸುಳ್ಳೆಂಬುದರಲ್ಲಿ ಅನುಮಾನವಿಲ್ಲ. ನನ್ನನ್ನು ಕಾಡುವುದು ಮೊದಲನೆಯದು. ಸುಳ್ಳು ಹೇಳಬೇಕಾದರೆ ನಿಜ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಆದರೆ ಒಂದು ನಿಜ ಅವತ್ತೇ ಗೊತ್ತಿತ್ತು: ನಾನು ಪರೀಕ್ಷೆ ಮಾಡಿರಲಿಲ್ಲ. ಮುಚ್ಚಿಟ್ಟದ್ದು ಅದನ್ನು. ಯಜಮಾನರು ದುಡ್ಡು ಕೊಟ್ಟದ್ದು ನನ್ನ ಊಹೆಗಲ್ಲ, ನೋಡಿ ಹೇಳಿದ್ದಾನೆಂಬ ನಂಬಿಕೆಗೆ. "ಇನ್ನೂ ಪೂರ್ತಿ ನೋಡಿಲ್ಲ, ನಾಳೆ ಬರ್ತೀನಿ" ಎಂದಿದ್ದರೆ ಹೋಗುತ್ತಿದ್ದುದು ಒಂದು ಬಸ್ ಚಾರ್ಜು ಮಾತ್ರ.

ಅದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ ಅದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತದೆ. ಸತ್ಯ ನುಡಿಯಬೇಕು ಎನ್ನುತ್ತದೆ. ಕೊನೆಯಲ್ಲಿ ಬರೆದವನು ಚಪಡ ಎಂದು ಹೆಸರೂ ಇದೆ. ಇದನ್ನು ಬರೆದವನು ನಾನು ಎಂದು ಕಲ್ಲಿನ ಮೇಲೆ ಹೊಣೆ ಹೊತ್ತವನು.

ಯಜಮಾನರು ಈಗಿಲ್ಲ. ನಾನು ಕೊಟ್ಟ ರಸೀದಿಯಲ್ಲಿ "ಮೋಡೆಮ್ ಕೆಟ್ಟಿದೆ" ಎಂದಿತ್ತು. ಅದರ ಕೆಳಗೆ ನನ್ನ ಸಹಿಯೂ ಇತ್ತು.