ಅವ್ವನ ಸೀರೆ, ಅಕ್ಕನ ಕತ್ತರಿ

ಹಿರಿಯರ ವಸ್ತುವನ್ನು ಇದ್ದಂತೆಯೇ ಕಾಪಾಡುವುದು ಗೌರವವೋ, ಬಳಸಿ ಸವೆಸುವುದು ಗೌರವವೋ? ಈ ಪ್ರಶ್ನೆ ನನಗೆ ಎದುರಾದದ್ದು ಯಲಬುರ್ಗಾ ತಾಲ್ಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ, ಅಕ್ಕನ ಕೈಯಲ್ಲಿ ಕತ್ತರಿಯನ್ನು ಕಂಡಾಗ.

ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆಕೆಯ ಇಳಕಲ್ ಸೀರೆಗಳನ್ನು ಅಕ್ಕ ಕೌದಿಗೆಂದು ತೆಗೆದಿದ್ದಳು. ಕುಷ್ಟಗಿಗೆ ನೆರೆಯಾದ ಆ ಊರಿನಲ್ಲಿ ಸೀರೆಯ ಮೈಯನ್ನೂ ಸೆರಗನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುತ್ತಾರೆ. ಅಷ್ಟು ಶ್ರಮದಿಂದ ಕೂಡಿಸಿದ್ದನ್ನು ಕತ್ತರಿಸುವುದೇ? “ನೆನಪಿಗೆ ಇರ್ಲಿ ಬಿಡಕ್ಕಾ” ಎಂದೆ.

ಅಕ್ಕ ತಲೆ ಎತ್ತಲಿಲ್ಲ. “ಟ್ರಂಕಿನ್ಯಾಗ ಇಟ್ಟರ ಹುಳಾ ತಿಂತಾವ ತಮ್ಮಾ. ಹುಳದ ಪಾಲು ಮಾಡೂದಕ್ಕಿಂತ ಮಕ್ಕಳ ಪಾಲು ಮಾಡೂದು ಚಲೋ ಅಲ್ಲೇನು?”

ಈ ಸೀಮೆಗೆ ಚಿಂದಿ ಎಂದರೆ ಕಸವಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಳೆಯ ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಅಂಟಿನೊಡನೆ ಕಲಸಿ ಮರದ ಗೊಂಬೆಗಳಿಗೆ ಮೆತ್ತುತ್ತಾರೆ. ಬಣ್ಣ ಏರಿದ ಮೇಲೆ ಅದೇ ದೇವರ ಮೈಯಾಗುತ್ತದೆ. ಬಂಗಾಳದ ಕಾಂಥಾ, ನಮ್ಮ ಹಳಿಯಾಳ-ಯಲ್ಲಾಪುರಗಳ ಸಿದ್ದಿಯರ ಕವಂದಿ, ಇವೂ ಹಳೆಯ ಬಟ್ಟೆಯಲ್ಲೇ ಹುಟ್ಟಿದವು. ಜಪಾನಿನ ರೈತರು ತೇಪೆಯ ಮೇಲೆ ತೇಪೆ ಹಾಕಿ ತೊಟ್ಟ ‘ಬೋರೋ’ ಬಟ್ಟೆಗಳು ಇಂದು ವಸ್ತುಸಂಗ್ರಹಾಲಯ ಸೇರಿವೆ. ಅಲ್ಲಿ ಅವು ಸುರಕ್ಷಿತ. ಆದರೆ ಯಾರ ಚಳಿಯನ್ನೂ ಕಳೆಯುವುದಿಲ್ಲ. ಒಂದು ಕಸುಬಿನ ಕೊನೆಯ ಮಾದರಿಯನ್ನು ಗಾಜಿನ ಹಿಂದೆ ಇಡಲೇಬೇಕೆಂದು ನಾನೂ ಒಪ್ಪುವೆ. ನಮ್ಮ ತಾಯಿಯ ಸೀರೆ ಅಂಥದಾಗಿರಲಿಲ್ಲ.

ಅಕ್ಕ ಅಪ್ಪನ ಹಳೆಯ ಧೋತರಗಳನ್ನು ಒಳಗೆ ಹಾಸಿ, ಮೇಲೆ ಸೀರೆಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನತ್ತ ಸಾಲುಸಾಲಾಗಿ ಹೊಲಿದಳು. ಮಧ್ಯಾಹ್ನ ನೆರೆಯ ಹೆಂಗಸರು ಬಂದು ಒಂದೊಂದು ಮಗ್ಗುಲು ಹಿಡಿಯುತ್ತಿದ್ದರು. ತಾಯಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಅಕ್ಕ, ಈ ಸೀರೆ ಯಾವ ಜಾತ್ರೆಯದು, ಆ ಸೀರೆ ಯಾರ ಮದುವೆಯದು ಎಂದು ತಾನೇ ಹೇಳತೊಡಗಿದಳು. ಆಕೆಯ ದುಃಖ ಕಳೆಯಿತೆಂದು ನಾನು ಹೇಳಲಾರೆ. ಅದನ್ನು ಒಬ್ಬಳೇ ಹೊರುವುದು ತಪ್ಪಿತು. ಕಡೆಯ ಹೊಲಿಗೆಗೆ ಮುನ್ನ ನಡುವೆ ಒಂದು ಚೂರು ಹೋಳಿಗೆ ಇಟ್ಟು, “ಕೌದಿ ಹೊಟ್ಟಿ ಬರಿದಾಗಿರಬಾರ್ದು” ಎಂದಳು.

ನನ್ನ ಹಟಕ್ಕೆ ಸೋತು ಒಂದು ಸೀರೆಯನ್ನು ಇಡಿಯಾಗಿ ಬಿಟ್ಟಿದ್ದಳು: “ಇದು ನಿನ್ನ ಪಾಲು.” ಹತ್ತು ವರ್ಷಗಳಿಂದ ಅದು ಬೆಂಗಳೂರಿನ ನನ್ನ ಬೀರುವಿನಲ್ಲಿದೆ. ಮಡಿಕೆಗಳಲ್ಲಿ ಬಿರುಕು ಬಿಟ್ಟಿದೆ. ಅದು ಯಾರದೆಂದು ನನ್ನ ಮೊಮ್ಮಕ್ಕಳು ಕೇಳಿದವರಲ್ಲ, ನಾನು ಹೇಳಿದವನಲ್ಲ. ಅಲ್ಲಿ ಅಕ್ಕನ ಮೊಮ್ಮಕ್ಕಳು ‘ಮುತ್ತಜ್ಜಿ ಕೌದಿ’ಗಾಗಿ ದಿನವೂ ರಾತ್ರಿ ಜಗಳವಾಡುತ್ತಾರೆ. ಅದು ಸವೆದಿದೆ, ಎರಡು ಕಡೆ ತೇಪೆಯನ್ನೂ ಕಂಡಿದೆ.

ಕಾಪಾಡಿದವನು ನಾನೋ, ಆಕೆಯೋ? ಬರುವ ದಸರೆಗೆ ಊರಿಗೆ ಹೋಗುವಾಗ ಆ ಸೀರೆಯನ್ನೂ ಒಯ್ಯಬೇಕೆಂದಿದ್ದೇನೆ. ಅಕ್ಕನ ಕಣ್ಣು ಮಂಜಾಗಿದೆಯಂತೆ. ಸೂಜಿಗೆ ದಾರ ಪೋಣಿಸುವ ಕೆಲಸ ನನಗಿರಲಿ.