ಬಿಡಿಭಾಗದ ಒಳ್ಳೆಯತನ

ಒಂದು ಬಿಡಿಭಾಗ ಒಳ್ಳೆಯದು ಎನ್ನುವಾಗ ಆ ಒಳ್ಳೆಯತನ ನೆಲೆಸಿರುವುದು ಭಾಗದಲ್ಲೋ, ಅದು ಸೇರಿಕೊಂಡ ಇಡೀ ಯಂತ್ರದಲ್ಲೋ? ಈ ತಾತ್ತ್ವಿಕ ಪ್ರಶ್ನೆಯನ್ನು ಉಪಕರಣ ಹಿಡಿದು ಅಳೆಯಬಹುದಾದ ಅಪರೂಪದ ಜಾಗಗಳಲ್ಲಿ ಒಂದು, ಟರ್ಬೊಚಾರ್ಜರ್‌ಗೆ ಕ್ಯಾಮ್‌ಶಾಫ್ಟ್ ಹೊಂದಿಸುವ ಕೆಲಸ.

ವಾಲ್ವ್‌ಗಳು ಯಾವಾಗ ತೆರೆಯಬೇಕು, ಎಷ್ಟು ಮೇಲೇಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಕ್ಯಾಮ್‌ನ ಉಬ್ಬಿನ ಆಕಾರದಿಂದ ತೀರ್ಮಾನವಾಗುತ್ತದೆ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುತ್ತದೆ. ಎರಡೂ ತೆರೆದಿರುವ ಈ ಅವಧಿಯೇ ಓವರ್‌ಲ್ಯಾಪ್. ಟರ್ಬೊ ಇಲ್ಲದ ರೇಸ್ ಎಂಜಿನ್‌ಗೆ ದೀರ್ಘ ಓವರ್‌ಲ್ಯಾಪ್ ವರವೇ ಸರಿ. ಹೊರನುಗ್ಗುವ ಹೊಗೆಯ ಸೆಳೆತ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಅದೇ ಕ್ಯಾಮ್ ಅನ್ನು ಸಣ್ಣ ಟರ್ಬೈನ್, ಅಂದರೆ ಹೊಗೆ ತಿರುಗಿಸುವ ಸಣ್ಣ ಚಕ್ರ, ಇರುವ ಟರ್ಬೊ ಎಂಜಿನ್‌ಗೆ ಕೂರಿಸಿದರೆ ಫಲ ತಲೆಕೆಳಗು. ಟರ್ಬೈನ್ ಹೊಗೆಯ ದಾರಿಗೆ ಅಡ್ಡ ನಿಂತಿರುವುದರಿಂದ ಅಲ್ಲಿನ ಒತ್ತಡ, ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡವನ್ನು (ಬೂಸ್ಟ್) ಮೀರುತ್ತದೆ, ಕೆಲವೊಮ್ಮೆ ಅದರ ಎರಡರಷ್ಟಾಗುತ್ತದೆ. ಸುಟ್ಟ ಬಿಸಿ ಹೊಗೆ ಸಿಲಿಂಡರ್‌ಗೇ ಮರಳುತ್ತದೆ. ಹೊಸ ಗಾಳಿಗೆ ಜಾಗ ಕುಗ್ಗುತ್ತದೆ, ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವ ನಾಕಿಂಗ್‌ನ ಅಪಾಯ ಏರುತ್ತದೆ.

ಹಿಂದಿನ ತಲೆಮಾರಿನ ಟೊಯೋಟಾ ಸುಪ್ರಾ ಕಾರಿನ 2,997 ಸಿಸಿಯ 2ಜೆಜಡ್-ಜಿಟಿಇ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ಕಾರ್ಖಾನೆಯಿಂದ ಬರುವಾಗ ಅದರಲ್ಲಿದ್ದುದು, ಒಂದಾದ ಮೇಲೆ ಒಂದು ಕೆಲಸಕ್ಕಿಳಿಯುವ ಎರಡು ಸಣ್ಣ ಟರ್ಬೊ. ಅವನ್ನು ಕಳಚಿ ಒಂದೇ ದೊಡ್ಡ ಟರ್ಬೊ ಹಾಕುವವರು ವಾಲ್ವ್ ಅನ್ನು 264 ಅಥವಾ 272 ಡಿಗ್ರಿಯಷ್ಟು ಅವಧಿ ತೆರೆದಿಡುವ ಕ್ಯಾಮ್ ಆರಿಸಿಕೊಳ್ಳುವುದುಂಟು. ದೊಡ್ಡ ಟರ್ಬೈನ್ ಹೊಗೆಯನ್ನು ಸಲೀಸಾಗಿ ಬಿಡುವುದರಿಂದ ಎರಡೂ ಕಡೆಯ ಒತ್ತಡ ಹತ್ತಿರ ಹತ್ತಿರ ಬರುತ್ತದೆ, ದೀರ್ಘ ಅವಧಿಯ ಕ್ಯಾಮ್ ಮತ್ತೆ ಲಾಭ ಕೊಡುತ್ತದೆ. ಆದರೆ ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಸೊರಗುತ್ತದೆ.

ಹಾಗಾದರೆ ಕ್ಯಾಮ್‌ನ ಒಳ್ಳೆಯತನ ಎಲ್ಲಿದೆ? ಭಾರತೀಯ ದರ್ಶನಗಳಲ್ಲಿ ಒಂದಾದ ವೈಶೇಷಿಕರ ಗುಣಗಳ ವಿಂಗಡಣೆ ಇಲ್ಲಿ ನೆರವಾಗುತ್ತದೆ. ಬಣ್ಣದಂಥ ಗುಣ ಒಂದೇ ದ್ರವ್ಯದಲ್ಲಿರುತ್ತದೆ. ಸಂಯೋಗ ಎಂಬ ಗುಣ ಏಕಕಾಲಕ್ಕೆ ಎರಡು ದ್ರವ್ಯಗಳನ್ನು ಆಶ್ರಯಿಸುತ್ತದೆ. ಕ್ಯಾಮ್‌ನ ಗಡಸುತನ ಮೊದಲ ಬಗೆಯದು. ಟರ್ಬೊ ಜೊತೆಗಿನ ಹೊಂದಿಕೆ ಎರಡನೆಯದಕ್ಕೆ ಹತ್ತಿರ. ಆದರೂ ಇಷ್ಟಕ್ಕೇ ನಿಲ್ಲುವಂತಿಲ್ಲ, ಏಕೆಂದರೆ ಅದೇ ಜೋಡಿ 3,000 ಆರ್‌ಪಿಎಂನಲ್ಲಿ ಮಂಕಾಗಿ 6,500ರಲ್ಲಿ ಬಲ ತೋರಬಲ್ಲದು. ಡ್ರ್ಯಾಗ್ ರೇಸಿಗೆ ಒಪ್ಪಿದ್ದು ಊರೊಳಗಿನ ಓಡಾಟಕ್ಕೆ ಒಗ್ಗದು. ಹೀಗೆ ಮೂರನೆಯದೊಂದು ಬೇಕಾಗುತ್ತದೆ: ಪ್ರಯೋಜನ. ಪ್ರಯೋಜನವನ್ನು ಗಟ್ಟಿಯಾಗಿ ಹಿಡಿದವರು, ಯಜ್ಞವಿಧಿಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರು. ಮತ್ತೊಂದಕ್ಕಾಗಿ ಇರುವುದೇ ಅಂಗದ ಲಕ್ಷಣ ಎಂಬುದು ಅವರ ಸೂತ್ರಕಾರ ಜೈಮಿನಿಯ ನಿಲುವು. ಯಜ್ಞದಲ್ಲಿ ಭತ್ತ ಕುಟ್ಟುವ ಕ್ರಿಯೆಗೆ ಅರ್ಥ ಬರುವುದು ಪುರೋಡಾಶ ಎಂಬ ಆಹುತಿಯ ರೊಟ್ಟಿಯಿಂದ, ಪುರೋಡಾಶಕ್ಕೆ ಯಾಗದಿಂದ.

ಹಾಗಾದರೆ ಒಳ್ಳೆಯತನವೆಂದರೆ ಬಳಸುವವರ ಇಷ್ಟವಷ್ಟೇ ಎಂಬ ಆಕ್ಷೇಪ ಏಳುತ್ತದೆ. ಇದು ದುಡುಕಿನ ತೀರ್ಮಾನ. ಪ್ರಯೋಜನವನ್ನು ಮನುಷ್ಯರು ಆರಿಸುತ್ತಾರೆ, ನಿಜ. ಆ ಪ್ರಯೋಜನಕ್ಕೆ ಈ ಕ್ಯಾಮ್ ತಕ್ಕುದೇ ಎಂಬುದು ಅವರ ಕೈಯಲ್ಲಿಲ್ಲ. ಇನ್‌ಟೇಕ್‌ನಲ್ಲೂ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲೂ ಒಂದೊಂದು ಒತ್ತಡಮಾಪಕ ಜೋಡಿಸಿದರೆ, ಓವರ್‌ಲ್ಯಾಪ್‌ನ ಹೊತ್ತಿನಲ್ಲಿ ಗಾಳಿ ಯಾವ ಕಡೆಗೆ ಹರಿಯಲಿದೆ ಎಂಬುದು ಯಾರ ಅಭಿಪ್ರಾಯಕ್ಕೂ ಕಾಯದೆ ತಿಳಿಯುತ್ತದೆ. ಸಂಬಂಧವನ್ನು ಅವಲಂಬಿಸಿದ ಗುಣವೂ ಗಡಸುತನದಷ್ಟೇ ವಾಸ್ತವ.